ಬಾಡಿಗೆ ಮನೆಯ ಒಗ್ಗರಣೆ

ನಮ್ಮ ಬಾಡಿಗೆ ಕರಾರು ಮುಗಿಯುತ್ತಾ ಬಂದಿದೆ. ಹೊಸ ಕರಾರಿನ ಪ್ರತಿಯನ್ನು ಏಜೆಂಟ್ ಮೊನ್ನೆ ವಾಟ್ಸಾಪಿನಲ್ಲಿ ಕಳಿಸಿದ. ಬಾಡಿಗೆ ಏರಿಸಿದ್ದಾರೆ. ಅದರಲ್ಲಿ ಆಶ್ಚರ್ಯವಿಲ್ಲ. ಸಿಂಗಾಪುರದಲ್ಲಿ ಬಾಡಿಗೆ ಇಳಿಯಿತು ಅಂತ ಪೇಪರಿನಲ್ಲಿ ಬಂದರೆ ಅದು ಯಾವಾಗಲೂ ಬೇರೆ ಯಾರದೋ ಮನೆಯದ್ದು. ನನಗೆ ಸಿಟ್ಟು ಬಂದದ್ದು ಕೊನೆಯ ಪುಟದಲ್ಲಿ ಹೊಸದಾಗಿ ಸೇರಿಕೊಂಡಿದ್ದ ಒಂದು ಸಾಲಿಗೆ. ‘ಲೈಟ್ ಕುಕಿಂಗ್ ಓನ್ಲಿ.’

ಏಜೆಂಟಿಗೆ ಫೋನ್ ಮಾಡಿದೆ. ಅನ್ನ ಮಾಡಬಹುದಾ? ‘ಕ್ಯಾನ್.’ ಬೇಳೆ ಬೇಯಿಸಬಹುದಾ? ‘ಕ್ಯಾನ್, ಕ್ಯಾನ್.’ ಬೇಯಿಸಿದ ಬೇಳೆಗೆ ಒಗ್ಗರಣೆ ಹಾಕಬಹುದಾ? ಆ ಕಡೆ ಸದ್ದಿಲ್ಲ. ವಿವರಿಸಬೇಕಾಯಿತು. ಎಣ್ಣೆ, ಸಾಸಿವೆ, ಒಣಮೆಣಸಿನಕಾಯಿ, ಕರಿಬೇವು, ಇಂಗು. ಒಂದು ನಿಮಿಷದ ಕೆಲಸ ಅಂದೆ. ಓನರನ್ನು ಕೇಳಿ ಹೇಳುತ್ತೇನೆ ಅಂದ. ಐವತ್ತು ದಾಟಿದ ಮನುಷ್ಯ ನಾನು. ಸಾರಿಗೆ ಒಗ್ಗರಣೆ ಹಾಕಲು ಪರ್ಮಿಷನ್ ಕೇಳಿ ಕಾಯುತ್ತಾ ಕೂತಿದ್ದೇನೆ.

ಬಾಡಿಗೆಗೂ ವಾಸನೆಗೂ ಏನೋ ಒಂದು ಸಂಬಂಧ ಇದೆ ಅಂತ ನನಗೆ ಬಹಳ ದಿನದಿಂದ ಅನುಮಾನ. ಆ ಮಾತಿಗೆ ಆಮೇಲೆ ಬರುತ್ತೇನೆ.

ಇಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಎಂಟು ಜನ ಇರುವುದು ಎಚ್‌ಡಿಬಿ ಮನೆಗಳಲ್ಲಿ. 1960ರಲ್ಲಿ ಶುರುವಾದ ಸರ್ಕಾರಿ ಮಂಡಳಿ ಅದು. ಮನೆ ಕಟ್ಟುತ್ತದೆ, ಜನರಿಗೆ ಮಾರುತ್ತದೆ. ಕೊಂಡವರಿಗೂ 99 ವರ್ಷದ ಲೀಸು ಅಷ್ಟೆ. ನಮ್ಮಂಥ ಕೆಲಸದ ಪಾಸಿನವರು ಕೊಳ್ಳುವ ಹಾಗೇ ಇಲ್ಲ. ಓನರು ಮೊದಲು ಐದು ವರ್ಷ ತಾನೇ ಅದರಲ್ಲಿ ಇದ್ದು, ಆಮೇಲೆ ಇಡೀ ಮನೆಯನ್ನು ನಮಗೆ ಬಾಡಿಗೆಗೆ ಕೊಡಬಹುದು. ಒಂದು ಕಟ್ಟಡದಲ್ಲಿ ಇಷ್ಟಕ್ಕಿಂತ ಜಾಸ್ತಿ ಮನೆ ವಿದೇಶಿಯರಿಗೆ ಹೋಗಬಾರದು ಅಂತ ಅದಕ್ಕೂ ಒಂದು ಕೋಟಾ. ಅವರು ಬ್ಯಾಂಕಿನ ಸಾಲ ತೀರಿಸುತ್ತಾರೆ. ನಾವು ಅವರ ಸಾಲ ತೀರಿಸುತ್ತೇವೆ. 2022ರಲ್ಲಂತೂ ಖಾಸಗಿ ಮನೆಗಳ ಬಾಡಿಗೆ ಒಂದೇ ವರ್ಷಕ್ಕೆ ಸುಮಾರು ಶೇಕಡಾ 30 ಏರಿತು. ಎಚ್‌ಡಿಬಿಯೂ ಹಿಂದೆ ಬೀಳಲಿಲ್ಲ. ಕಾರಿನ ಮಾತು ಬಿಡಿ. ಹತ್ತು ವರ್ಷ ಕಾರು ಇಟ್ಟುಕೊಳ್ಳಲು ಒಂದು ಪತ್ರ ಬೇಕು, ಅದು ಹರಾಜಿನಲ್ಲಿ ಸಿಗುತ್ತದೆ. 2023ರಲ್ಲಿ ಚಿಕ್ಕ ಕಾರಿನ ಪತ್ರವೇ ಒಂದು ಲಕ್ಷ ಡಾಲರ್ ದಾಟಿತು. ಕಾರಿನ ಬೆಲೆ ಬೇರೆ. ನಮಗೆ ಬಸ್ಸಿದೆ.

ಅಡುಗೆ ಯಾಕೆ, ಹೊರಗೇ ತಿನ್ನಿ ಅಂತ ಆಫೀಸಿನಲ್ಲಿ ಹೇಳುತ್ತಾರೆ. ಸಾಲು ಸಾಲು ಊಟದ ಅಂಗಡಿಗಳ ಹಾಕರ್ ಸೆಂಟರ್ ಇದೆಯಲ್ಲ ಅಂತ. ಇದೆ, ಚೆನ್ನಾಗಿಯೂ ಇದೆ. 2020ರಲ್ಲಿ ಯುನೆಸ್ಕೋ ಅದನ್ನು ಪರಂಪರೆಯ ಪಟ್ಟಿಗೇ ಸೇರಿಸಿತು. ಆದರೆ ದಿನಾ ಎರಡು ಹೊತ್ತು ಪರಂಪರೆ ತಿಂದರೆ ಹೊಟ್ಟೆ ತಡೆಯುವುದಿಲ್ಲ. ಮೇಲಾಗಿ ನಾವು ಸಸ್ಯಾಹಾರಿಗಳು. ಇರುವ ಒಂದೋ ಎರಡೋ ಅಂಗಡಿಯ ಬೀಹೂನ್ ಅನ್ನುವ ಅಕ್ಕಿ ಶಾವಿಗೆ ತಿಂದು ಎದ್ದರೆ ಟ್ರೇಯನ್ನು ನಾವೇ ಎತ್ತಿ ಇಡಬೇಕು. 2021ರ ಸೆಪ್ಟೆಂಬರ್ 1ರಿಂದ ಅದು ಕಟ್ಟುನಿಟ್ಟು. ಮೊದಲ ಸಲ ಬಿಟ್ಟುಹೋದರೆ ಲಿಖಿತ ಎಚ್ಚರಿಕೆ, ಎರಡನೇ ಸಲ 300 ಡಾಲರ್ ದಂಡ. ಎತ್ತಿ ಇಡುವುದಕ್ಕೆ ನನ್ನದೇನೂ ತಕರಾರಿಲ್ಲ. ಆದರೆ ಅಲ್ಲಿ ಎರಡು ಕಪಾಟು. ಒಂದು ಹಲಾಲ್ ತಟ್ಟೆಗೆ, ಇನ್ನೊಂದು ಹಲಾಲ್ ಅಲ್ಲದ್ದಕ್ಕೆ. ಎಲೆಕೋಸು ತಿಂದ ತಟ್ಟೆ ಹಿಡಿದುಕೊಂಡು ನಾನು ಎರಡರ ನಡುವೆ ನಿಂತಿರುತ್ತೇನೆ. ಹಿಂದಿನವರು ನಿಟ್ಟುಸಿರು ಬಿಡುತ್ತಾರೆ.

ಹಾಗಾಗಿ ಮನೆಯಡುಗೆಯೇ ಗತಿ. ಮನೆಯಡುಗೆ ಅಂದಾಗ ಹಿಂದಿನ ಮನೆ ಖಾಲಿ ಮಾಡಿದ ಕಥೆ ಹೇಳಲೇಬೇಕು.

ಇಲ್ಲಿ ಮನೆ ಬಿಡುವುದು ಅಂದರೆ ಪರೀಕ್ಷೆ. ಎರಡು ವರ್ಷದ ಕರಾರಿಗೆ ಎರಡು ತಿಂಗಳ ಬಾಡಿಗೆ ಠೇವಣಿ ಇಟ್ಟಿರುತ್ತೇವೆ. ಅದು ವಾಪಸ್ ಬರಬೇಕಾದರೆ ಮನೆ ಕೊಟ್ಟ ಹಾಗೇ ಇರಬೇಕು. ಮೂರು ತಿಂಗಳಿಗೊಮ್ಮೆ ಏಸಿ ಸರ್ವಿಸ್ ಮಾಡಿಸಿದ ರಸೀದಿ, ಕ್ಲೀನಿಂಗಿನವರನ್ನು ಕರೆಸಿದ ರಸೀದಿ, ಪರದೆಗಳನ್ನು ಡ್ರೈ ಕ್ಲೀನ್ ಮಾಡಿಸಿದ ರಸೀದಿ. ನಾನು ಎಲ್ಲವನ್ನೂ ಫೈಲು ಮಾಡಿ ಇಟ್ಟಿದ್ದೆ. ನನ್ನ ಹೆಂಡತಿ ಇನ್ನೂ ಮುಂದೆ ಹೋಗಿ ಕೊನೆಯ ವಾರ ಒಗ್ಗರಣೆಯನ್ನೇ ನಿಲ್ಲಿಸಿದಳು. ಬ್ರೆಡ್ಡು, ಹಾಲು, ಬಾಳೆಹಣ್ಣು, ಸಪ್ಪೆ ಮೊಸರನ್ನ. ಸೂತಕದ ಮನೆಯಲ್ಲೂ ಇದಕ್ಕಿಂತ ರುಚಿಯಾಗಿ ಉಂಡಿದ್ದೇವೆ.

ಓನರು ಅರವತ್ತು ದಾಟಿದ ಆಂಟಿ. ಇಲ್ಲಿ ಸ್ವಲ್ಪ ಕೂದಲು ಬೆಳ್ಳಗಾದವರೆಲ್ಲ ಆಂಟಿ, ಅಂಕಲ್. ಬಸ್ಸಿನಲ್ಲಿ ನನಗೂ ಅಂಕಲ್ ಅಂದು ಸೀಟು ಬಿಡುತ್ತಾರೆ, ಅದು ಇರಲಿ. ಆಂಟಿ ಬಂದರು. ಚಪ್ಪಲಿ ಬಿಟ್ಟರು. ನನ್ನ ಫೈಲನ್ನು ಕಣ್ಣೆತ್ತಿಯೂ ನೋಡಲಿಲ್ಲ. ನೇರವಾಗಿ ಹಜಾರದ ಪರದೆಯ ಹತ್ತಿರ ಹೋಗಿ, ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಮೂಸಿದರು.

ನಾನು ಹೆಂಡತಿಯ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

ಹಜಾರ ಮುಗಿಯಿತು, ದೊಡ್ಡ ರೂಮು ಮುಗಿಯಿತು, ಚಿಕ್ಕ ರೂಮಿನಲ್ಲಿ ಎರಡು ಸಲ ಮೂಸಿ ತಲೆಯಾಡಿಸಿದರು. ಅಡುಗೆಮನೆಯ ಹೊಗೆಯ ಫ್ಯಾನಿನ ಜಾಲರಿಯನ್ನು ಬೆರಳಿನಿಂದ ಒರೆಸಿ ಬೆರಳನ್ನು ಮೂಸಿದರು. ಎಲ್ಲ ಸರಿ. ಠೇವಣಿ ಪೂರ್ತಿ ಬಂದೇ ಬಿಟ್ಟಿತು ಅಂದುಕೊಂಡೆ. ಅಷ್ಟರಲ್ಲಿ ಆಂಟಿ ಬಾಂಬ್ ಶೆಲ್ಟರಿನ ಬಾಗಿಲಿಗೆ ಕೈ ಹಾಕಿದರು.

ತಮಾಷೆ ಅಲ್ಲ, ನಿಜವಾದ ಬಾಂಬ್ ಶೆಲ್ಟರ್. 1997ರಲ್ಲಿ ಇದಕ್ಕೊಂದು ಕಾನೂನೇ ಆಯಿತು. ಆಮೇಲೆ ಕಟ್ಟಿದ ಮನೆಗಳಲ್ಲಿ ಇಂಥದ್ದೊಂದು ಪುಟ್ಟ ಕೋಣೆ ಸಾಮಾನ್ಯ. ಸುತ್ತ ದಪ್ಪ ಕಾಂಕ್ರೀಟು, ಎಳೆದರೆ ಭುಜ ನೋಯುವ ಉಕ್ಕಿನ ಬಾಗಿಲು. ಆ ಬಾಗಿಲನ್ನು ಕಳಚುವ ಹಾಗಿಲ್ಲ, ಗೋಡೆಗೆ ಮನಸ್ಸು ಬಂದಂತೆ ಮೊಳೆ ಹೊಡೆಯುವ ಹಾಗಿಲ್ಲ. ಯುದ್ಧವಾದರೆ ಮನೆಮಂದಿ ಒಳಗೆ ಕೂರಬೇಕು. ಯುದ್ಧ ಆಗುವ ತನಕ ಸುಮ್ನೆ ಖಾಲಿ ಬಿಡಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ? ಒಂದೊಂದು ಚದರ ಅಡಿಗೂ ಬಾಡಿಗೆ ಕೊಡುತ್ತಿರುತ್ತೇವೆ. ಚೀನೀ ಮನೆಗಳಲ್ಲಿ ಅಲ್ಲಿ ಸೂಟ್‌ಕೇಸು, ಹೊಸವರ್ಷದ ಅಲಂಕಾರದ ಸಾಮಾನು. ನಮ್ಮ ಮನೆಯಲ್ಲಿ ಅಕ್ಕಿ, ಹುಣಸೆಹಣ್ಣು, ಸಾರಿನ ಪುಡಿ, ಮಿಡಿ ಉಪ್ಪಿನಕಾಯಿಯ ಜಾಡಿ. ಮತ್ತೆ ನಮ್ಮಮ್ಮ ಶಿವಮೊಗ್ಗದಿಂದ ತಂದುಕೊಟ್ಟ ಗಟ್ಟಿ ಇಂಗು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅದನ್ನು ಪೇಪರಿನಲ್ಲಿ ಸುತ್ತಿ, ಅದನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಇಟ್ಟಿದ್ದೆವು. ಡಬ್ಬಿ ಆಗಲೇ ಹೊಸ ಮನೆಗೆ ಹೋಗಿಯಾಗಿತ್ತು. ಕೋಣೆ ಖಾಲಿ, ನೆಲ ಫಿನಾಯಿಲ್ ಹಾಕಿ ಒರೆಸಿತ್ತು. ಬಾಗಿಲು ಮಾತ್ರ ಮುಚ್ಚಿಯೇ ಇತ್ತು.

ಆಂಟಿ ಬಾಗಿಲು ಎಳೆದರು. ಎಳೆದವರು ಎರಡು ಹೆಜ್ಜೆ ಹಿಂದೆ ಬಂದರು. ‘ಅಯ್ಯೋ, ಗ್ಯಾಸ್ ಲೀಕ್ ಆ?’

ಸ್ಫೋಟವನ್ನು ಹೊರಗೇ ತಡೆಯಲು ಕಟ್ಟಿದ ಕೋಣೆ ಅದು. ಒಳಗಿನ ಇಂಗನ್ನು ಎಷ್ಟು ಭದ್ರವಾಗಿ ಹಿಡಿದಿಟ್ಟುಕೊಂಡಿತ್ತು ಅಂತೀರಿ! ಇದು ಗ್ಯಾಸ್ ಅಲ್ಲ, ಮಸಾಲೆ ಅಂತ ನಾನು ಹೇಳುವಷ್ಟರಲ್ಲಿ ಅವರು ಸ್ಟವ್ವಿನ ಕೊಳವೆಯನ್ನೇ ಮುಚ್ಚಿಬಿಟ್ಟಿದ್ದರು. ಮಸಾಲೆ ಅಂದರೆ ನಂಬಲಿಲ್ಲ. ತಿನ್ನುವುದಾ, ಅಂತ ಎರಡು ಸಲ ಕೇಳಿದರು. ಹೌದು, ಹೊಟ್ಟೆಗೆ ಒಳ್ಳೆಯದು ಅಂದೆ. ಅಫ್ಘಾನಿಸ್ತಾನದಿಂದ ಬರುತ್ತದೆ, ಇರಾನಿನಿಂದ ಬರುತ್ತದೆ, ಬೇರಿನಿಂದ ಒಸರುವ ಅಂಟು ಅಂತೆಲ್ಲ ಹೇಳಿದೆ. ಅಫ್ಘಾನಿಸ್ತಾನ ಅನ್ನಬಾರದಿತ್ತು. ಮೊದಲೇ ಬಾಂಬ್ ಶೆಲ್ಟರಿನ ಮುಂದೆ ನಿಂತಿದ್ದೆವು. ಆಮೇಲೆ ಮಾತು ಬರಲಿಲ್ಲ. ಗಂಡ ಹೆಂಡತಿ ಇಬ್ಬರೂ ಇಂಗು ತಿಂದ ಮಂಗನ ಹಾಗೆ ನಿಂತೆವು.

ಮಾರನೇ ದಿನ ಆಂಟಿ ಒಂದು ಹೊರೆ ಪಾಂಡನ್ ಎಲೆ ತಂದು ಒಳಗಿಟ್ಟರು. ಇಲ್ಲಿಯ ಟ್ಯಾಕ್ಸಿಯವರು ವಾಸನೆಗೆ ಹಿಂದಿನ ಸೀಟಿನ ಹತ್ತಿರ ಇಡುತ್ತಾರಲ್ಲ, ಅದೇ. ಎರಡು ದಿನ ಬಿಟ್ಟು ತೆಗೆದಾಗ ಪಾಂಡನ್ನೂ ಇಂಗೂ ಸೇರಿ ಯಾವುದೋ ಮೂರನೆಯದಾಗಿತ್ತು. ಕೊನೆಗೆ ಪೇಂಟಿನ ಖರ್ಚು ಅಂತ ಠೇವಣಿಯಲ್ಲಿ ಮುರಿದುಕೊಂಡರು. ಎಷ್ಟು ಅಂತ ಹೇಳುವುದಿಲ್ಲ. ಹೇಳಿದರೆ ಮತ್ತೆ ಬಿಪಿ ಏರುತ್ತದೆ.

ನನ್ನ ಹೊಟ್ಟೆಯುರಿ ದುಡ್ಡಿನದ್ದು ಮಾತ್ರ ಅಲ್ಲ. ಆ ಮನೆಯ ಕೆಳಗಿನ ಮಹಡಿಯವರು ಪ್ರತಿ ಭಾನುವಾರ ಬೆಲಾಚಾನ್ ಹುರಿಯುತ್ತಿದ್ದರು. ಸೀಗಡಿ ಕೊಳೆಸಿ ಒಣಗಿಸಿದ ಮುದ್ದೆ. ನಮ್ಮ ಒಗೆದ ಬಟ್ಟೆಯೆಲ್ಲ ಸಮುದ್ರದ ವಾಸನೆ ಹೊಡೆಯುತ್ತಿತ್ತು. ನಾವು ಯಾರ ಪರದೆಯನ್ನೂ ಮೂಸಲಿಲ್ಲ. ಡುರಿಯನ್ ಹಣ್ಣಿನ ಸೀಸನ್ನಿನಲ್ಲಂತೂ ಇಡೀ ಬೀದಿಯೇ ಘಮ್ಮೆನ್ನುತ್ತದೆ. ಅದಕ್ಕೆ ಎಂಆರ್‌ಟಿ ರೈಲಿನಲ್ಲಿ ಪ್ರವೇಶವಿಲ್ಲ ಅನ್ನುವುದೊಂದೇ ನನಗೆ ಸಮಾಧಾನ. ಆ ಬೋರ್ಡು ನೋಡಿದಾಗಲೆಲ್ಲ ಮನಸ್ಸಿಗೆ ಹಿತವಾಗುತ್ತದೆ. ಸಣ್ಣತನ ಅಂದರೆ ಅನ್ನಿ.

ಇದೇನೂ ಹೊಸ ಜಗಳವಲ್ಲ. 2011ರ ಆಗಸ್ಟಿನಲ್ಲಿ ಇಲ್ಲಿ ಕರ್ರಿಯ ಗಲಾಟೆ ಆಯಿತು. ಚೀನಾದಿಂದ ಹೊಸದಾಗಿ ಬಂದ ಒಂದು ಕುಟುಂಬಕ್ಕೆ ಪಕ್ಕದ ಭಾರತೀಯ ಮನೆಯವರ ಕರ್ರಿ ವಾಸನೆ ತಡೆಯಲಾಗಲಿಲ್ಲ. ಪಾಪ, ಭಾರತೀಯರು ಬಾಗಿಲು ಕಿಟಕಿ ಮುಚ್ಚಿಕೊಂಡೇ ಅಡುಗೆ ಮಾಡುತ್ತಿದ್ದರಂತೆ. ಆದರೂ ಸಾಲಲಿಲ್ಲ. ಮಧ್ಯಸ್ಥಿಕೆ ಆಯಿತು. ಪಕ್ಕದವರು ಮನೆಯಲ್ಲಿಲ್ಲದಾಗ ಮಾತ್ರ ಇವರು ಕರ್ರಿ ಮಾಡುವುದು, ಅದಕ್ಕೆ ಪ್ರತಿಯಾಗಿ ಅವರು ಒಂದು ಸಲ ಕರ್ರಿಯ ರುಚಿ ನೋಡುವುದು ಅಂತ ರಾಜಿ. ಅದು ನಡೆದು ಕೆಲವು ವರ್ಷವೇ ಆಗಿತ್ತು. ಸುದ್ದಿ ಪೇಪರಿನಲ್ಲಿ ಬಂದದ್ದೇ ತಡ, ಊರು ಎದ್ದು ಕೂತಿತು. ಆಗಸ್ಟ್ 21ರ ಭಾನುವಾರ ಎಲ್ಲರೂ ಒಂದು ಪಾತ್ರೆ ಕರ್ರಿ ಮಾಡೋಣ ಅಂತ ಫೇಸ್‌ಬುಕ್ಕಿನಲ್ಲಿ ಕರೆ ಕೊಟ್ಟರು. ಹತ್ತಾರು ಸಾವಿರ ಜನ ಹೂಂ ಅಂದರು. ಚೀನೀಯರು, ಮಲಯರು, ತಮಿಳರು ಎಲ್ಲ. ನನ್ನ ಹೆಂಡತಿಗೆ ಈ ಕಥೆ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ. ‘ಅಲ್ಲಾರೀ, ಪಕ್ಕದವರು ಮನೇಲಿ ಇಲ್ಲದಾಗ ಅಂದ್ರೆ, ಅವರ ಮನೆಗೆ ಅಜ್ಜಿ ಬಂದು ಕೂತ್ರೆ ಇವರು ಉಪವಾಸಾನಾ?’ ನಾನು ಸುಮ್ಮನಾದೆ.

ಬಾಡಿಗೆಗೂ ವಾಸನೆಗೂ ಸಂಬಂಧ ಹೇಳುತ್ತೇನೆ ಅಂದಿದ್ದೆ ಅಲ್ವಾ. ಅದಕ್ಕೆ ಮೊದಲು ಕರಿಬೇವಿನ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಇವತ್ತು ಬೆಳಿಗ್ಗೆಯೂ ಅದೇ ಆಯಿತು.

ಲಿಟಲ್ ಇಂಡಿಯಾದ ಟೆಕ್ಕಾ ಮಾರ್ಕೆಟ್ಟಿಗೆ ಹೋದರೆ ಕರಿಬೇವು ಸಿಗುತ್ತದೆ. ಆದರೆ ನಾಲ್ಕು ಎಸಳಿಗಾಗಿ ಅಷ್ಟು ದೂರ ಯಾರು ಹೋಗುತ್ತಾರೆ? ಕಾರಿಡಾರಿನಲ್ಲಿ ಕುಂಡದಲ್ಲಿ ಒಂದು ಗಿಡ ಇಟ್ಟಿದ್ದೇವೆ. ಅದಕ್ಕೂ ಲೆಕ್ಕ ಇದೆ. ಬೆಂಕಿ ಬಿದ್ದರೆ ಜನ ಓಡಬೇಕು, ಹಾಗಾಗಿ ಕಾರಿಡಾರಿನಲ್ಲಿ 1.2 ಮೀಟರ್ ದಾರಿ ಬಿಟ್ಟಿರಬೇಕು. ಟೇಪು ಹಿಡಿದು ಅಳೆದೇ ಇಟ್ಟಿದ್ದೇನೆ. ಕುಂಡದ ತಟ್ಟೆಯಲ್ಲಿ ನೀರು ನಿಲ್ಲಬಾರದು, ಡೆಂಗಿ ಸೊಳ್ಳೆ ಮೊಟ್ಟೆಯಿಡುತ್ತದೆ. ತಪಾಸಣೆಯವರು ಟಾರ್ಚು ಬಿಟ್ಟು ನೋಡುತ್ತಾರೆ, ಮರಿ ಸಿಕ್ಕರೆ ದಂಡ. ತಟ್ಟೆಯನ್ನೇ ತೆಗೆದಿದ್ದೇನೆ. ಇಷ್ಟೆಲ್ಲ ಕಾನೂನು ಪಾಲಿಸಿ ಬೆಳೆಸಿದ ಗಿಡ. ಮೂರು ಬಾಗಿಲು ಆಚೆಯ ಅಂಕಲ್ ವಾಕಿಂಗ್ ಮುಗಿಸಿ ಬರುವಾಗ ಅದರಲ್ಲಿ ಒಂದು ಕಡ್ಡಿ ಮುರಿದುಕೊಂಡು ಹೋಗುತ್ತಾರೆ.

ಎಸಳು ಕಿತ್ತರೆ ನಾನೇನೂ ಅನ್ನುತ್ತಿರಲಿಲ್ಲ. ತುದಿಯ ಚಿಗುರು ಸಮೇತ ಕಡ್ಡಿಯನ್ನೇ ಮುರಿಯುತ್ತಾರೆ. ಇವತ್ತು ಬಾಗಿಲು ತೆಗೆದವನ ಎದುರಿಗೇ ಮುರಿದು, ನಕ್ಕು, ‘ಫಿಶ್ ಹೆಡ್ ಕರ್ರಿ’ ಅಂದರು. ಮಧ್ಯಾಹ್ನ ಇಡೀ ಮಹಡಿಗೆ ಘಾಟು. ಯಾರೂ ಏನೂ ಕೇಳುವ ಹಾಗಿಲ್ಲ. ಅವರದು ಸ್ವಂತ ಮನೆ.

‘ಒಂದು ಬೋರ್ಡು ಬರೆದು ಹಾಕಿ’ ಅಂದಳು ಹೆಂಡತಿ. ಇಲ್ಲಿ ಬೋರ್ಡು ಅಂದರೆ ಇಂಗ್ಲಿಷ್, ಚೀನೀ, ಮಲಯ್, ತಮಿಳು, ನಾಲ್ಕರಲ್ಲೂ ಇದ್ದರೆ ಚೆಂದ. ಇಂಗ್ಲಿಷಿನದು ನಾನೇ ಬರೆದಿದ್ದೇನೆ. ತಮಿಳಿನದನ್ನು ಆಫೀಸಿನ ಗೆಳೆಯ ಬರೆದುಕೊಡುತ್ತಾನೆ. ಮೊದಲ ಸಲ ಕಡ್ಡಿ ಮುರಿದರೆ ಲಿಖಿತ ಎಚ್ಚರಿಕೆ, ಎರಡನೇ ಸಲ 300 ಡಾಲರ್. ‘ಜಾಸ್ತಿ ಆಯ್ತೇನೋ’ ಅಂದಳು. ಇನ್ನೂರೈವತ್ತಕ್ಕೆ ಇಳಿಸಿದ್ದೇನೆ.