ಸತ್ಯಾಂಶ: ನಿವೃತ್ತಿಯ ನೆಮ್ಮದಿ ಒಂಟಿತನದಲ್ಲಿದೆಯೇ?

ನಿವೃತ್ತರಾದ ಮೇಲೆ ಜನರ ಸಹವಾಸ ಬಿಟ್ಟಷ್ಟೂ ಸುಖ, ವಿಜ್ಞಾನವೇ ಹೀಗೆ ಹೇಳಿದೆ ಎನ್ನುವ ಸಂದೇಶ ಮೊಬೈಲ್‌ಗಳಲ್ಲಿ ಹರಿದಾಡುತ್ತಲೇ ಇದೆ. ಕಳುಹಿಸುವವರು ಹಿತೈಷಿಗಳೇ, ಮನಸ್ಸು ನೊಂದವರಿಗೆ ಆ ಮಾತು ಸಮಾಧಾನವನ್ನೂ ಕೊಡುತ್ತದೆ. ಆದರೆ ಅದು ನಿಜವಲ್ಲ.

ವಯಸ್ಸಾದಂತೆ ಸ್ನೇಹವಲಯ ಕಿರಿದಾಗುವುದು ಸಹಜ. ತಾನಾಗಿ ಬಯಸಿದ ಏಕಾಂತವೂ ಹಿತವೇ. ಬೇಡವಾದ ಒಂಟಿತನ ಬೇರೆ. ಅದಕ್ಕೂ ಖಿನ್ನತೆ, ಹೃದ್ರೋಗ, ಮರೆವಿನ ಕಾಯಿಲೆಗಳಿಗೂ ನಂಟಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ.

2014ರಲ್ಲಿ ಪ್ರಕಟವಾದ ಒಂದು ಸಂಶೋಧನೆ ನನಗೆ ಬಹಳ ಇಷ್ಟ. ಭಾಗವಹಿಸಿದವರ ಬಳಿ ಎಣಿಕೆಯ ಎರಡು ಪುಟ್ಟ ಸಾಧನಗಳಿದ್ದವು. ಆಪ್ತರೊಡನೆ ಮಾತಾಡಿದರೆ ಒಂದರ ಗುಂಡಿ ಒತ್ತಬೇಕು, ಬರೀ ಪರಿಚಯದವರಾದರೆ ಇನ್ನೊಂದರದು. ಪರಿಚಯದವರೊಡನೆ ಆಡಿದ ಮಾತಿಗೂ ಮನಸ್ಸಿನ ನೆಮ್ಮದಿಗೂ ಸಂಬಂಧವಿದೆ ಎಂದು ಕಂಡುಬಂತು. ಅದು ನಿವೃತ್ತರ ಮೇಲೆಯೇ ನಡೆದ ಅಧ್ಯಯನವಲ್ಲ, ನಿಜ. ಆದರೂ ಕೆಲಸ ಬಿಟ್ಟ ಮರುದಿನವೇ ಕಳೆದುಹೋಗುವುದು ಇಂಥ ಮಾತುಗಳೇ ಅಲ್ಲವೇ? ಲಿಫ್ಟಿನಲ್ಲಿ ಸಿಕ್ಕವರ "ಹೇಗಿದ್ದೀರಿ", ಬಾಗಿಲಲ್ಲಿ ಎದುರಾದವರ ಒಂದು ನಗು.

ಇಂಥ ಸಂದೇಶ ಬಂದಾಗ ನೋಡಿ: ಯಾರು, ಯಾವ ವರ್ಷ, ಎಷ್ಟು ಜನರನ್ನು ಪರೀಕ್ಷಿಸಿದರು ಎಂಬ ವಿವರ ಇದೆಯೇ? ಅದರ ಒಂದು ಸಾಲನ್ನು ಅಂತರ್ಜಾಲದಲ್ಲಿ ಹುಡುಕಿ. ಮೂಲ ಅಧ್ಯಯನ ಸಿಗದೆ ಅದೇ ಸಾಲು ಎಲ್ಲೆಡೆ ಕಂಡರೆ ನಂಬುವ ಅವಸರ ಬೇಡ. ನಿಮ್ಮದೇ ಅನುಭವ ತಿಳಿಯಬೇಕೆಂದಿದ್ದರೆ, ಎರಡು ವಾರ ರಾತ್ರಿ ಮಲಗುವ ಮುನ್ನ ಯಾರೊಡನೆ ಮಾತಾಡಿದಿರಿ, ಮನಸ್ಸು ಹೇಗಿತ್ತು ಎಂದು ಒಂದೊಂದು ಸಾಲು ಬರೆದಿಡಿ.