‘ಮ್ಯಾಗ್ನಮ್ಮೇ ತಗೊಳ್ಳಿ’ ಅನ್ನೋ ಮಹಾನುಭಾವರಿಗೆ

ಇವತ್ತೂ ಅದೇ ಉಪದೇಶ ಕಿವಿಗೆ ಬಿತ್ತು. ದೂರದ ಗುರಿಗೂ ಬೇಟೆಗೂ ಒಂದೇ ರೈಫಲ್ ಬೇಕು ಅಂತ ಹೊಸಬನೊಬ್ಬ ಕೇಳಿದರೆ ಉತ್ತರ ರೆಡಿ: ‘.300 ವಿನ್ ಮ್ಯಾಗ್, ಕಣ್ಮುಚ್ಚಿ ತಗೊಳ್ಳಿ.’ (ವಿಂಚೆಸ್ಟರ್ ಮ್ಯಾಗ್ನಮ್, ಮದ್ದು ಜಾಸ್ತಿ ಹಿಡಿಯೋ ದೊಡ್ಡ ತೋಟಾ.) ಕಣ್ಮುಚ್ಚೋದಂತೂ ನಿಜ. ಟ್ರಿಗರ್ ಎಳೆಯುವಾಗ ಒದೆತದ ಭಯಕ್ಕೆ ತಾನಾಗೇ ಮುಚ್ಚುತ್ತೆ.

ಅಷ್ಟೇ ತೂಕದ ರೈಫಲಿನಲ್ಲಿ 6.5 ಕ್ರೀಡ್‌ಮೋರ್ ಅನ್ನೋ ಮಧ್ಯಮ ತೋಟಾಗಿಂತ ಹೆಚ್ಚೂಕಡಿಮೆ ಎರಡರಷ್ಟು ಒದೆತ ಅದರದ್ದು. ಹತ್ತು ಈಡು ಹೊಡೆಯುವಷ್ಟರಲ್ಲಿ ಒದೆತಕ್ಕೂ ಮೊದಲೇ ಭುಜ ಬಿಗಿಯೋಕೆ ಶುರು. ಆಮೇಲೆ ಕಾಗದದ ಮೇಲೆ ಗುಂಡುಗಳ ಗುಂಪು ಚದುರಿದ್ದಕ್ಕೆ ಸ್ಕೋಪನ್ನು ಬೈಯೋದು! ಮದ್ದಿನ ಲೆಕ್ಕವನ್ನೂ ನೋಡಿ. 6.5ಕ್ಕೆ ಸುಮಾರು 42 ಗ್ರೇನ್ (ಮದ್ದು, ಗುಂಡು ತೂಗೋ ಸಣ್ಣ ಅಳತೆ), ಮ್ಯಾಗ್ನಮ್‌ಗೆ 70ರ ಮೇಲೆ. ಅಷ್ಟು ಬೆಂಕಿ ಬ್ಯಾರೆಲ್ಲಿನ ಗಂಟಲನ್ನು ಸುಡುತ್ತೆ. .308 ಅನ್ನೋ ಹಳೇ ತೋಟಾದ ಬ್ಯಾರೆಲ್ 5000 ಈಡಿನವರೆಗೂ ಬಾಳಬಹುದು, 6.5ರದ್ದು 2000ದಿಂದ 3000, ಮ್ಯಾಗ್ನಮ್‌ದು ಅದಕ್ಕೂ ಕಮ್ಮಿ. ಕಲಿಯೋಕೇ ಸಾವಿರಾರು ಈಡು ಬೇಕಲ್ಲ ಸ್ವಾಮಿ?

ನನಗೆ .308 ಮೇಲೆ ಪಕ್ಷಪಾತ ಇದೆ, ಮುಚ್ಚಿಡಲ್ಲ. 1952ರಿಂದ ಬಾಳಿ ಬಂದ ತೋಟಾ. ಆದರೂ 1000 ಗಜಕ್ಕೆ 2007ರ ಈ ಕ್ರೀಡ್‌ಮೋರೇ ಮೇಲು. ಅದರ 140 ಗ್ರೇನಿನ ಉದ್ದನೆ ಗುಂಡು ಗಾಳಿಯನ್ನು ಸೀಳಿಕೊಂಡು ಹೋಗುತ್ತೆ. .308ರ 175 ಗ್ರೇನ್ ಗುಂಡಿಗಿಂತ ಕಮ್ಮಿ ಬೀಳುತ್ತೆ, ಕಮ್ಮಿ ವಾಲುತ್ತೆ. ಆದರೆ ಉದ್ದನೆ ಗುಂಡಿಗೆ ತಕ್ಕ ಟ್ವಿಸ್ಟ್ (ಬ್ಯಾರೆಲ್ ಒಳಗಿನ ಸುರುಳಿ ಗೀರಿನ ತಿರುವು) ಬೇಕು, 6.5ಕ್ಕೆ ಸಾಮಾನ್ಯವಾಗಿ 8 ಇಂಚಿಗೊಂದು ಸುತ್ತು. ಇದನ್ನು ನೋಡದೆ 10 ಇಂಚಿಗೊಂದು ಸುತ್ತಿನ ಹಳೇ .243 ರೈಫಲಿಗೆ 115 ಗ್ರೇನಿನ ಉದ್ದನೆ ಮ್ಯಾಚ್ (ಪಂದ್ಯದ) ಗುಂಡು ತುಂಬಿದರೆ, ಗುಂಡು ಓಲಾಡಿ ಕಾಗದಕ್ಕೆ ಅಡ್ಡಡ್ಡ ಬಡಿಯುತ್ತೆ. ಕ್ಯಾಲಿಬರ್ ತಪ್ಪಲ್ಲ ಅದು. ಗುಂಡು, ಟ್ವಿಸ್ಟ್ ಜೋಡಿ ತಪ್ಪಿದ್ದು.

‘ದೊಡ್ಡ ಪ್ರಾಣಿಗೆ ಶಕ್ತಿ ಬೇಡ್ವಾ?’ ಬೇಕು. ಆದರೆ 600 ಗಜದಲ್ಲಿ ಗಂಟೆಗೆ 10 ಮೈಲಿಯ ಅಡ್ಡಗಾಳಿ 6.5ರ ಗುಂಡನ್ನು ಎರಡಡಿಯಷ್ಟು ತಳ್ಳುತ್ತೆ. ಮ್ಯಾಗ್ನಮ್ ಉಳಿಸಿಕೊಡೋದು ಅದರಲ್ಲಿ ಕೆಲವೇ ಇಂಚು. ಗುಂಡು ಅಲ್ಲಿಗೆ ಮುಟ್ಟೋಕೆ ಮುಕ್ಕಾಲು ಸೆಕೆಂಡು, ಅಷ್ಟರಲ್ಲಿ ಪ್ರಾಣಿ ಒಂದು ಹೆಜ್ಜೆ ಇಟ್ಟರೆ ಹೃದಯಕ್ಕೆ ಇಟ್ಟ ಗುರಿ ಹೊಟ್ಟೆಗೆ. ಶಕ್ತಿ ತಗೊಂಡು ಏನು ಮಾಡ್ತೀರಿ? ಇನ್ನು ಬೇಟೆಗೆ ಮ್ಯಾಚ್ ಗುಂಡೇ ಸಾಕು ಅನ್ನೋರು ಬೇರೆ ಇದ್ದಾರೆ. ಅದು ಕಾಗದಕ್ಕೆ ಮಾಡಿದ್ದು. ಒಮ್ಮೆ ಸೂಜಿಯ ಹಾಗೆ ಹಾದುಹೋಗುತ್ತೆ, ಇನ್ನೊಮ್ಮೆ ಚರ್ಮದಡಿಯಲ್ಲೇ ಪುಡಿಯಾಗುತ್ತೆ. ಬೇಟೆ ಗುಂಡುಗಳಲ್ಲೂ ಹಲವು ಸೆಕೆಂಡಿಗೆ 1800 ಅಡಿ ವೇಗಕ್ಕಿಂತ ಕೆಳಗೆ ಒಳಹೊಕ್ಕಾಗ ಸರಿಯಾಗಿ ಅರಳಲ್ಲ, ಅಂದ್ರೆ ಅಗಲವಾಗಲ್ಲ. 6.5 ಆ ಗಡಿ ಮುಟ್ಟೋದು 600 ಗಜದ ಆಸುಪಾಸಿನಲ್ಲಿ. ನನ್ನ ಲೆಕ್ಕದಲ್ಲಿ ಬೇಟೆಗಾರ ಅದಕ್ಕೂ ಬಹಳ ಮುಂಚೆ, 400ಕ್ಕೇ ನಿಲ್ಲಬೇಕು.

ಗುರಿಯ ಆಟದಲ್ಲಿ ಮ್ಯಾಗ್ನಮ್‌ಗಿಂತ ಮುಖ್ಯ ಒಂದೇ ಸಮನೆ ವೇಗ. ಒಂದೇ ಪೆಟ್ಟಿಗೆಯ ತೋಟಾಗಳಲ್ಲಿ ಸೆಕೆಂಡಿಗೆ 50 ಅಡಿ ಹೆಚ್ಚುಕಮ್ಮಿ ಇದ್ದರೆ 1000 ಗಜದಲ್ಲಿ ಮೇಲೆ ಕೆಳಗೆ ಒಂದಡಿ ವ್ಯತ್ಯಾಸ. ಪ್ರತಿ ತೋಟಾಗೂ ಮದ್ದು ಸಮನಾಗಿ ತೂಗಿ ಅಂತ ಹೇಳೋರು ಯಾರೂ ಕಾಣೆ.

ಅದೆಲ್ಲ ಇರಲಿ, ಆ ಹುಡುಗನನ್ನು ‘ಯಾವ ಪಂದ್ಯಕ್ಕೆ?’ ಅಂತಲೂ ಒಬ್ಬರೂ ಕೇಳಲಿಲ್ಲ. ಎಫ್-ಟಿಆರ್ ಅನ್ನೋ ದೂರ ಗುರಿಯ ಪಂದ್ಯದ ವಿಭಾಗಕ್ಕೆ .223 ಮತ್ತು .308 ತೋಟಾ ಮಾತ್ರ. ಮ್ಯಾಗ್ನಮ್ ಹೊತ್ತುಕೊಂಡು ಹೋದರೆ ಅಲ್ಲಿ ಸಾಲಿನಲ್ಲೇ ನಿಲ್ಲಿಸಲ್ಲ.