ಲೆಕ್ಕ ಬೇಡ, ಲೆಕ್ಕರ್ ಸಾಕು

ಹೋದ ಅಕ್ಟೋಬರ್‌ನಲ್ಲಿ ನನ್ನ ಇಂಜಿನಿಯರಿಂಗ್ ದೋಸ್ತ್ ಒಬ್ಬ ಬೆಂಗಳೂರಿಂದ ಬಂದಿದ್ದ, ಇಲ್ಲಿ ಬೆಲ್ಜಿಯಮ್‌ನ ಲೂವೆನ್‌ನಲ್ಲಿ ನಮ್ಮನೇಲೇ ನಾಲ್ಕು ದಿನ ಇದ್ದ. ಸೂಟ್‌ಕೇಸ್ ಬಿಚ್ಚಿದ್ರೆ ಎರಡು ಕೆಜಿ ಕಾಫಿಪುಡಿ, ಅಮ್ಮ ಊರಿಂದ ಕೊಟ್ಟು ಕಳಿಸಿದ್ದ ಅಪ್ಪೆಮಿಡಿ ಉಪ್ಪಿನಕಾಯಿ, ಅದರ ಕೆಳಗೆ ಒಂದು ಎಕ್ಸೆಲ್ ಶೀಟ್ ಪ್ರಿಂಟೌಟ್. ಅದ್ರಲ್ಲಿ 24 ಬಿಯರ್ ಹೆಸರು, ಒಂದೊಂದರ ಮುಂದೆನೂ ಐದೈದು ಕಾಲಂ. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಹೇಗೆ ಕೂರುತ್ತೆ ಅನ್ನೋದಕ್ಕೆ 5, ಒಟ್ಟಾರೆ 10, ಎಲ್ಲಾ ಸೇರಿ 50. ಇದು ಅವನು ತಲೆಯಿಂದ ಹುಟ್ಟಿಸಿದ್ದಲ್ಲ, ಅಮೆರಿಕದಲ್ಲಿ ಬಿಯರ್ ಸ್ಪರ್ಧೆಗಳಿಗೆ ಜಡ್ಜ್ ಆಗೋರು ಬಳಸೋ ಬಿಜೆಸಿಪಿ ಸ್ಕೋರ್‌ಶೀಟಿನ ಲೆಕ್ಕ. "ಲೋ, ಪಿಯುಸಿ ಪೇಪರ್ ತಿದ್ದೋಕೆ ಬಂದಿದೀಯೇನೋ" ಅಂದೆ. ಅವನಿಗೆ ನಗು ಬರಲಿಲ್ಲ.

ಮೊದಲನೇ ರಾತ್ರಿ ನಾವಿಬ್ಬರೂ ಹಂಚ್ಕೊಂಡು ಐದು ಬಾಟಲಿ ಮುಗಿಸಿದ್ವಿ. ಅವನು ಮಲಗಿದ ಮೇಲೆ ನಾನು ಆ ಶೀಟ್ ತಗೊಂಡು ಮಾರ್ಕ್ಸ್ ಪಕ್ಕ ಪೆನ್ಸಿಲಲ್ಲಿ ಆಲ್ಕೋಹಾಲ್ ಪರ್ಸೆಂಟ್ ಬರೆದೆ, ಸುಮ್ನೆ ಕುತೂಹಲಕ್ಕೆ. ಹೂಗಾರ್ಡನ್ 4.9, ಮಾರ್ಕ್ಸ್ 27. ಓರ್ವಾಲ್ 6.2, ಮಾರ್ಕ್ಸ್ 31. ಡೂವೆಲ್ 8.5ಕ್ಕೆ 36, ವೆಸ್ಟ್‌ಮಾಲೆ ತ್ರಿಪೆಲ್ 9.5ಕ್ಕೆ 40, ರೋಶ್‌ಫೋರ್ 10 ಅನ್ನೋದು 11.3 ಇರುತ್ತೆ, ಅದಕ್ಕೆ 45! ಅಂದ್ರೆ ನನ್ನ ದೋಸ್ತ್ ಎರಡು ಗಂಟೆ ಮೂಸಿ, ಲೈಟಿಗೆ ಹಿಡಿದು ಬಣ್ಣ ನೋಡಿ, ಕಣ್ಣು ಮುಚ್ಚಿ ಚಪ್ಪರಿಸಿ ಬರೆದಿದ್ದೆಲ್ಲಾ ಬಾಟಲಿ ಹಿಂದೆ ಮೊದಲೇ ಪ್ರಿಂಟ್ ಆಗಿತ್ತು.

ಅವನನ್ನ ಆಡಿಕೊಳ್ಳೋಕೆ ಹೇಳ್ತಿಲ್ಲ, ನಾನೂ ಅದೇ ಜಾತಿ. ಇಲ್ಲಿಗೆ ಬರೋ ಮುಂಚೆ ಎರಡು ವರ್ಷ ಬಾಸ್ಟನ್‌ನಲ್ಲಿದ್ದೆ, ನಂಗೆ ಬೆಲ್ಜಿಯನ್ ಸ್ಟೈಲ್ ಬಿಯರ್ ಹುಚ್ಚು ಹಿಡಿದಿದ್ದೇ ಅಲ್ಲಿ. ಮೇನ್ ರಾಜ್ಯದ ಪೋರ್ಟ್‌ಲ್ಯಾಂಡಲ್ಲಿ 1995ರಲ್ಲಿ ಶುರುವಾದ ಅಲಗ್ಯಾಶ್ ಬ್ರೂವರಿಯವರ ವೈಟ್ ಅನ್ನೋ ಬಿಯರ್ ಕುಡಿದು, ಓ ಬಿಯರ್ ಹಿಂಗೂ ಇರಬಹುದಾ ಅನ್ಸಿತ್ತು. ಅಲ್ಲಿ ಟ್ಯಾಪ್‌ರೂಮಿಗೆ ಹೋದ್ರೆ ಒಂದು ಮರದ ಹಲಗೆ ಮೇಲೆ ನಾಲ್ಕು ಪುಟ್ಟ ಗ್ಲಾಸ್ ಇಟ್ಟು ಕೊಡ್ತಾರೆ, ಒಂದೊಂದರಲ್ಲೂ ನಾಲ್ಕೇ ಗುಟುಕು, ಕುಡಿಯೋದಕ್ಕಿಂತ ಮುಂಚೆ ಎಲ್ಲರ ಕೈಯಲ್ಲೂ ಫೋನು, ಫೋಟೋ, ಆಮೇಲೆ ಐದಕ್ಕೆ ಎಷ್ಟು ಸ್ಟಾರ್ ಅಂತ. ಒಂದು ವರ್ಷದಲ್ಲಿ ನಾನು 300 ಬಿಯರ್ ದಾಖಲು ಮಾಡಿದ್ದೆ. ಈಗ ಕೇಳಿದ್ರೆ ಅದ್ರಲ್ಲಿ ಇಪ್ಪತ್ತರ ರುಚಿನೂ ನೆನಪಿಲ್ಲ.

ಆ ನಾಲ್ಕು ಗುಟುಕಿನ ಲೆಕ್ಕದಲ್ಲಿ ಯಾವಾಗಲೂ ಗೆಲ್ಲೋದು ದಪ್ಪ ಬಿಯರ್ರು, ಮೊದಲ ಗುಟುಕಿಗೇ ಗುದ್ದೋ ಬಿಯರ್ರು. ಮದುವೆ ಊಟದಲ್ಲಿ ಬರೀ ಹೋಳಿಗೆ ತಿಂದು ನೋಡಿ ಮಾರ್ಕ್ಸ್ ಹಾಕಿದ್ರೆ ಹೋಳಿಗೆನೇ ಫಸ್ಟ್ ರ‍್ಯಾಂಕು, ತಿಳಿಸಾರು ಫೇಲು. ಆದ್ರೆ ದಿನಾ ಬೇಕಾಗೋದು ಯಾವುದು ಮಾರಾಯ್ರೆ?

ಇದಕ್ಕೆ ದೊಡ್ಡ ಉದಾಹರಣೆ ವೆಸ್ಟ್‌ವ್ಲೆಟರನ್ 12. ಫ್ರಾನ್ಸ್ ಗಡಿ ಹತ್ರ ಸಿಂತ್ ಸಿಕ್ಸ್‌ಟಸ್ ಅಂತ ಒಂದು ಮಠ ಇದೆ, ಅಲ್ಲಿನ ಟ್ರಾಪಿಸ್ಟ್ ಅನ್ನೋ ಕ್ರೈಸ್ತ ಪಂಥದ ಸನ್ಯಾಸಿಗಳು ಮಾಡೋ ಬಿಯರ್, 10.2 ಪರ್ಸೆಂಟು. ಬಾಟಲಿ ಮೇಲೆ ಲೇಬಲ್ಲೇ ಇರ್ತಿರಲಿಲ್ಲ, ಏನಿದ್ರೂ ಆ ಹಳದಿ ಮುಚ್ಚಳದ ಮೇಲೇ ಓದ್ಕೋಬೇಕು. 2005ರಲ್ಲಿ ಅಮೆರಿಕದ ರೇಟಿಂಗ್ ಪಟ್ಟಿಯಲ್ಲಿ ಇದು ಜಗತ್ತಿಗೇ ನಂಬರ್ ಒನ್ ಅಂತ ಬಂದಿದ್ದೇ ಬಂದಿದ್ದು, ಮಠದ ಮುಂದೆ ಕಾರ್ ಸಾಲು. ಬೇರೆ ಯಾರೇ ಆಗಿದ್ರೂ ಇನ್ನೊಂದು ಫ್ಯಾಕ್ಟರಿ ಹಾಕ್ತಿದ್ರು. ಇವರು ಮಠ ನಡೆಸೋಕೆ ಎಷ್ಟು ಬೇಕೋ ಅಷ್ಟೇ ಮಾಡ್ತೀವಿ ಅಂತ ಕೂತ್ರು, ಫೋನ್ ಮಾಡಿ ಕಾರ್ ನಂಬರ್ ಕೊಟ್ಟು ಬುಕ್ ಮಾಡಿದ್ರೆ ಮಾತ್ರ ಕ್ರೇಟು, 2019ರಿಂದ ಆನ್‌ಲೈನ್ ಆಗಿದೆ. ಕಟ್ಟಡ ರಿಪೇರಿಗೆ ದುಡ್ಡು ಬೇಕು ಅಂತ 2012ರಲ್ಲಿ ಒಂದ್ಸಲ ಅಮೆರಿಕದ ಅಂಗಡಿಗಳಿಗೆ ಗಿಫ್ಟ್ ಬಾಕ್ಸ್ ಕಳಿಸಿದ್ರು, ಅಷ್ಟೇ, ಮತ್ತೆ ಬಾಗಿಲು ಹಾಕ್ಕೊಂಡ್ರು. ನಮ್ಮ ಕಡೆ ಮಠಗಳ ಕಾಲೇಜು ಆಸ್ಪತ್ರೆ ಎಲ್ಲಾ ನೋಡಿ ಬೆಳೆದ ನಂಗೆ ಇದು ಸ್ವಲ್ಪ ವಿಚಿತ್ರನೇ ಅನ್ಸಿತ್ತು, ಇರ್ಲಿ ಅದು ಬೇರೆ ಮಾತು.

ತಮಾಷೆ ಏನಂದ್ರೆ, ಆ ಮಠದಿಂದ ಸ್ವಲ್ಪ ದೂರದಲ್ಲೇ ವಾಟೂ ಅಂತ ಒಂದು ಹಳ್ಳಿ, ಅಲ್ಲಿ ಸಿಂತ್ ಬರ್ನಾರ್ಡಸ್ ಬ್ರೂವರಿ. 1946ರಿಂದ 1992ರವರೆಗೆ ಇದೇ ಮಠದ ಬಿಯರನ್ನ ಲೈಸೆನ್ಸ್ ಮೇಲೆ ಮಾಡಿ ಮಾರ್ತಿದ್ದೋರು ಇವರೇ. ಲೈಸೆನ್ಸ್ ಮುಗಿದ ಮೇಲೆ ಅದೇ ಥರದ್ದನ್ನ ತಮ್ಮ ಹೆಸರಲ್ಲಿ ಮಾಡ್ತಾರೆ, ಆಪ್ಟ್ 12 ಅಂತ, 10 ಪರ್ಸೆಂಟು, ನಮ್ಮ ಬೀದಿ ಕೊನೆ ಸೂಪರ್‌ಮಾರ್ಕೆಟಲ್ಲಿ ಹಾಲಿನ ಪ್ಯಾಕೆಟ್ ತಗೊಂಡು ತಿರುಗಿದ್ರೆ ಸಿಗುತ್ತೆ. ಎರಡನೇ ರಾತ್ರಿ ನಾನು ಒಳಗೆ ಅಡುಗೆಮನೇಲಿ ಎರಡನ್ನೂ ಸ್ಟೀಲ್ ಲೋಟಕ್ಕೆ ಬಗ್ಗಿಸಿ ತಂದಿಟ್ಟೆ, ಯಾವುದು ಯಾವುದು ಅಂತ ಹೇಳಲಿಲ್ಲ. ದೋಸ್ತ್ ಹತ್ತು ನಿಮಿಷ ಮೂಸಿದ. ಸೂಪರ್‌ಮಾರ್ಕೆಟ್‌ದಕ್ಕೆ 46, ಮಠದ್ದಕ್ಕೆ 44. ಹೇಳಿದ ಮೇಲೆ ಮುಖ ನೋಡ್ಬೇಕಿತ್ತು. "ಲೋಟದ್ದು ದೋಷ ಕಣೋ, ಸ್ಟೀಲಲ್ಲಿ ಯಾರಾದ್ರೂ ಕುಡೀತಾರಾ" ಅಂದ. ಅದೊಂದು ಮಾತು ಮಾತ್ರ ನಿಜ, ಈ ದೇಶದಲ್ಲಿ ಒಂದೊಂದು ಬಿಯರಿಗೂ ಅದರದ್ದೇ ಗ್ಲಾಸು, ಆ ಗ್ಲಾಸ್ ಎಲ್ಲಾ ಬಳಕೆಲಿದ್ರೆ ಕೆಲವು ಕೆಫೆಲಿ ಬೇರೆ ಬಿಯರ್ ತಗೊಳ್ಳಿ ಅಂತಾರೆ ಹೊರತು ಬೇರೆ ಗ್ಲಾಸಲ್ಲಿ ಕೊಡಲ್ಲ.

ನಮ್ಮನೆ ಹತ್ರದ ಕೆಫೆಗೆ ಶುಕ್ರವಾರ ಸಂತೆ ಮುಗಿಸ್ಕೊಂಡು ಒಬ್ಬರು ಅಜ್ಜ ಬರ್ತಾರೆ, ಎಂಬತ್ತರ ಹತ್ರ ಇರಬಹುದು. ಅವರಿಗೆ ಒಂದೇ ಒಂದು ವೆಸ್ಟ್‌ಮಾಲೆ ತ್ರಿಪೆಲ್. ಕೆಫೆ ಹುಡುಗಿ ತಂದು ಬಗ್ಗಿಸೋದನ್ನ ನಾನು ಎಷ್ಟೋ ಸಲ ಸುಮ್ನೆ ನೋಡ್ತಾ ಕೂತಿದೀನಿ. ಗ್ಲಾಸನ್ನ ಮೊದಲು ತಣ್ಣೀರಲ್ಲಿ ಅಲ್ಲಾಡಿಸಿ ತೊಳೀತಾಳೆ, ಒರೆಸಲ್ಲ, ಹಾಗೇ ಹಸಿ ಇರ್ಬೇಕು. ಓರೆ ಹಿಡಿದು ಗೋಡೆಗುಂಟ ಸಣ್ಣಗೆ ಬಿಡ್ತಾ ಬಿಡ್ತಾ ಕೊನೆಗೆ ನೇರ ಮಾಡಿದ್ರೆ ಎರಡು ಬೆರಳು ನೊರೆ, ಬಿಳಿ ಮೋಡದ ಥರ. ಬಾಟಲಿ ತಳದಲ್ಲಿ ಒಂದು ಬೆರಳಷ್ಟು ಬಿಡ್ತಾಳೆ, ಯಾಕಂದ್ರೆ ಇವು ಬಾಟಲಿಯೊಳಗೇ ಮತ್ತೊಮ್ಮೆ ಹುದುಗೋ ಬಿಯರ್‌ಗಳು, ಯೀಸ್ಟ್ ಗಸಿ ತಳದಲ್ಲಿ ಕೂತಿರುತ್ತೆ. ಅಜ್ಜ ಆ ಗಸಿಯನ್ನ ಬೇರೆ ಪುಟ್ಟ ಗ್ಲಾಸಿಗೆ ಹಾಕಿಸ್ಕೊಂಡು ಕೊನೇಲಿ ಔಷಧಿ ಥರ ಗುಟುಕ್ ಅಂತ ಕುಡೀತಾರೆ. ಹೊಟ್ಟೆಗೆ ಒಳ್ಳೇದಂತೆ.

ಮೂರನೇ ದಿನ ದೋಸ್ತ್ ಅವರನ್ನೇ ಹಿಡ್ಕೊಂಡ. ಬೆಲ್ಜಿಯಮ್‌ನಲ್ಲಿ ಬೆಸ್ಟ್ ಬಿಯರ್ ಯಾವುದು ಅಂತ ಕೇಳಿದ, ನಾನು ನನ್ನ ಹರಕುಮುರಕು ಡಚ್‌ನಲ್ಲಿ ಅನುವಾದ ಮಾಡಿದೆ. ಅಜ್ಜ ಸ್ವಲ್ಪ ಹೊತ್ತು ನಮ್ಮಿಬ್ಬರನ್ನ ನೋಡಿ, ಊಟ ಆಗಿದ್ಯಾ ಇಲ್ವಾ ಅಂತ ಕೇಳಿದ್ರು. ಇಲ್ಲ ಅಂದ್ವಿ. ಆಮೇಲೆ, ನಿಮ್ಮಲ್ಲಿ ಬಾಬ್ ಯಾರು ಅಂದ್ರು. ಇಲ್ಲಿ 1995ರಿಂದ ಬಾಬ್ ಅಂತ ಒಂದು ಅಭಿಯಾನ, ಗುಂಪಲ್ಲಿ ಅವತ್ತು ಕುಡಿಯದೆ ಗಾಡಿ ಓಡಿಸೋನೇ ಬಾಬ್. ನಾವು ನಡ್ಕೊಂಡು ಬಂದಿದೀವಿ ಅಂದ್ವಿ. ಹಾಗಾದ್ರೆ ಈಗ ಒಂದು ಪಿಲ್ಸ್, ಅಂದ್ರೆ ಹಗುರ ಮಾಮೂಲಿ ಬಿಯರ್, ತಗೊಳ್ಳಿ, ಊಟ ಆದ್ಮೇಲೆ ಬನ್ನಿ ಹೇಳ್ತೀನಿ ಅಂತ ತಮ್ಮ ಗ್ಲಾಸ್ ಕಡೆ ತಿರುಗಿದ್ರು. ನಿಮ್ಮ ಬಿಯರ್ ಹೇಗಿದೆ ಅಂದ್ರೆ "ಲೆಕ್ಕರ್". ಲೆಕ್ಕರ್ ಅಂದ್ರೆ ಡಚ್‌ನಲ್ಲಿ ರುಚಿಯಾಗಿದೆ, ಚೆನ್ನಾಗಿದೆ ಅಂತ, ಸೂಪಿಗೂ ಅದೇ, ಬಿಯರಿಗೂ ಅದೇ, ಚಳಿಗಾಲದಲ್ಲಿ ಬಿಸಿಲು ಬಂದ್ರೂ ಅದೇ. ದೋಸ್ತ್ ಶೀಟಲ್ಲಿ 24 ಸಾಲು ಲೆಕ್ಕ, ಅಜ್ಜಂದು ಒಂದೇ ಲೆಕ್ಕರ್.

ಹಾಗಂತ ಇಲ್ಲಿನವರೆಲ್ಲಾ ಹೀಗೇ ಅಂತಲ್ಲ, ಇಲ್ಲೂ ನೋಟ್‌ಬುಕ್ ಹಿಡ್ಕೊಂಡು ಓಡಾಡೋರಿದ್ದಾರೆ. ಆದ್ರೆ 2016ರಲ್ಲಿ ಯುನೆಸ್ಕೋ ಬೆಲ್ಜಿಯಮ್‌ನ ಬಿಯರ್ ಸಂಸ್ಕೃತಿಯನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಯಾವುದೋ ಒಂದು ಬಾಟಲಿಗೆ ಜಾಸ್ತಿ ಸ್ಟಾರ್ ಬಂತು ಅಂತ ಅಲ್ಲವಲ್ಲ, ಈ ಬಗ್ಗಿಸೋದು, ಕೂರೋದು, ಮಾಡೋದು ಎಲ್ಲಾ ಸೇರಿಸಿ.

ನಂಗೆ ಜಾಸ್ತಿ ತಕರಾರಿರೋದು ಮಾರ್ಕ್ಸ್ ಬಗ್ಗೆನೂ ಅಲ್ಲ, ಪಕ್ಕದಲ್ಲಿ ಬರೆಯೋ ಮಾತಿನ ಬಗ್ಗೆ. ನನ್ನ ದೋಸ್ತ್ ಹುಟ್ಟಿದ್ದು ಸಾಗರದ ಹತ್ರ, ಆದ್ರೆ ಓರ್ವಾಲ್ ಪಕ್ಕ ಬರೆದಿದ್ದು "ಹಾರ್ಸ್ ಬ್ಲ್ಯಾಂಕೆಟ್". ಲೋ, ನೀನು ಜನ್ಮದಲ್ಲಿ ಯಾವಾಗ ಕುದುರೆ ಕಂಬಳಿ ಮೂಸಿದೀಯ? ಅದು ಬ್ರೆಟ್ಟನೊಮೈಸಿಸ್ ಅನ್ನೋ ಕಾಡು ಯೀಸ್ಟಿನ ವಾಸನೆ, ಓದಿದ್ದನ್ನ ಕಾಪಿ ಹೊಡೆದಿದಾನೆ ಅಷ್ಟೇ.

ಎರಡು ವರ್ಷದ ಹಿಂದೆ ಅಮ್ಮ ಬಂದಿದ್ರು ಮೂರು ತಿಂಗಳು. ಅವರು ಕುಡಿಯೋದು ದೂರದ ಮಾತು, ಫ್ರಿಜ್ಜಲ್ಲಿ ಬಾಟಲಿ ಪಕ್ಕ ಮೊಸರಿಡೋಕೂ ಒಪ್ಪಲ್ಲ. ಆದ್ರೆ ಮೂಗು ಅಂದ್ರೆ ಮೂಗು. ಒಂದಿನ ನಾನು ಹೂಗಾರ್ಡನ್ ಬಗ್ಗಿಸ್ತಿರೋವಾಗ ಪಕ್ಕದಲ್ಲಿ ಚಪಾತಿ ಲಟ್ಟಿಸ್ತಿದ್ದವರು, "ಎಂತದೋ ಇದು, ಕೊತ್ತಂಬರಿ ಬೀಜ ಹಾಕಿದಾರಲ್ಲೋ, ಹೇರಳೆಕಾಯಿ ಸಿಪ್ಪೆನೂ ಇದ್ದಂಗಿದೆ" ಅಂದ್ರು. ನಾನು ದಂಗಾದೆ. ವಿಟ್‌ಬಿಯರ್ ಅಂದ್ರೆ ಮೊಳಕೆ ಕಟ್ಟದ ಗೋಧಿ, ಕೊತ್ತಂಬರಿ ಬೀಜ, ಕ್ಯುರಸಾವ್ ಅನ್ನೋ ಕಹಿ ಕಿತ್ತಳೆ ಸಿಪ್ಪೆ. ಹೂಗಾರ್ಡನ್ ಅನ್ನೋದು ನಮ್ಮೂರ ಪಕ್ಕದ ಹಳ್ಳಿನೇ. ಅಲ್ಲಿ ಈ ಬಿಯರ್ ಮಾಡೋದು ಪೂರ್ತಿ ನಿಂತೇ ಹೋಗಿತ್ತು, ಮನೆಮನೆಗೆ ಹಾಲು ಹಾಕ್ತಿದ್ದ ಪಿಯರ್ ಸೆಲಿಸ್ ಅನ್ನೋರು 1960ರ ದಶಕದಲ್ಲಿ ಮತ್ತೆ ಶುರು ಮಾಡಿದ್ರು, ಇವತ್ತು ಬಾಸ್ಟನ್‌ನಲ್ಲಿ ಬೆಂಗಳೂರಲ್ಲಿ ಎಲ್ಲೇ ಬೆಲ್ಜಿಯನ್ ವಿಟ್ ಅಂತ ಕೊಟ್ರೂ ಅದು ಆ ಹಾಲಿನವರ ಋಣ. ಅದನ್ನ ನಮ್ಮಮ್ಮ ಒಂದು ಮೂಗೆಳೆತಕ್ಕೆ ಹೇಳಿದ್ರು, ಯಾಕಂದ್ರೆ ಅವರು ಕಿತ್ತಳೆ ಸಿಪ್ಪೆ ಗೊಜ್ಜು ಮಾಡೋರು.

ಆಮೇಲೆ ನಂಗೆ ಚಟ ಹತ್ತಿತು, ಏನೇ ತೆಗೆದ್ರೂ ಅಮ್ಮನ ಮೂಗಿಗೆ ಹಿಡಿಯೋದು. ರೋಶ್‌ಫೋರ್ 10 ಹಿಡಿದೆ, "ಜೋನಿಬೆಲ್ಲ, ಸ್ವಲ್ಪ ತಳ ಹಿಡಿದಿದೆ." ಬ್ರಸೆಲ್ಸ್‌ನ ಕಾಂಟಿಯೋನ್ ಗೂಜ್ ಹಿಡಿದೆ. ಇದಕ್ಕೆ ಯೀಸ್ಟೇ ಹಾಕಲ್ಲ, ಚಳಿಗಾಲದ ರಾತ್ರಿ ಕುದಿಸಿದ ರಸವನ್ನ ಅಗಲ ತೊಟ್ಟಿಲಿ ತೆರೆದಿಟ್ರೆ ಗಾಳಿಲಿ ಏನಿದ್ಯೋ ಅದೇ ಬಂದು ಹುದುಗಿಸುತ್ತೆ, ಆಮೇಲೆ ಮರದ ಪೀಪಾಯಿಲಿ ಇಟ್ಟು ಒಂದು ವರ್ಷದ್ದು, ಎರಡು ವರ್ಷದ್ದು, ಮೂರು ವರ್ಷದ್ದು ಬೆರೆಸಿ ಬಾಟಲಿಗೆ ತುಂಬ್ತಾರೆ. ಅಮ್ಮ ಮುಖ ಕಿವುಚಿ, "ದೋಸೆ ಹಿಟ್ಟು ಮೂರು ದಿನ ಹೊರಗಿಟ್ಟಂಗಿದೆ, ಮತ್ತೆ ಕೊಟ್ಟಿಗೆ ವಾಸ್ನೆ ಮಾರಾಯ" ಅಂದ್ರು. ಕೊಟ್ಟಿಗೆ! ಅದೇ ಬ್ರೆಟ್ಟನೊಮೈಸಿಸ್. ಒಣಹುಲ್ಲು, ಸ್ವಲ್ಪ ಗಂಜಳ, ಒದ್ದೆ ಮರ ಎಲ್ಲಾ ಸೇರಿದ ಬೆಳಗಿನ ಜಾವದ ಕೊಟ್ಟಿಗೆ. ಇದಕ್ಕಿಂತ ಕರಾರುವಾಕ್ಕಾಗಿ ಯಾವ ಸ್ಕೋರ್‌ಶೀಟಲ್ಲೂ ಯಾರೂ ಬರೆದಿದ್ದು ನಾನು ನೋಡಿಲ್ಲ.

ನಮ್ಮಲ್ಲಿ ಒಗರು ಇದೆ, ಘಾಟು ಇದೆ, ಕಮಟು, ಮುಗ್ಗಲು, ಸೀದದ್ದು, ಹುಳಿಸಿದ್ದು, ಎಲ್ಲಾ ಇದೆ. ಇಂಗ್ಲಿಷಲ್ಲಿ ಬನಾನಾ ಅಂತ ಬರೆದು ಕೈತೊಳ್ಕೋತಾರೆ, ಯಾವ ಬಾಳೆ ಸ್ವಾಮಿ, ಏಲಕ್ಕಿ ಬಾಳೆನಾ, ಪಚ್ಚಬಾಳೆನಾ, ರಸಬಾಳೆನಾ? ತ್ರಿಪೆಲ್‌ನಲ್ಲಿ ಯೀಸ್ಟಿಂದ ಬರೋ ಆ ವಾಸನೆ ನಂಗೆ ಕಳಿತು ಚುಕ್ಕೆ ಬಿದ್ದ ಪಚ್ಚಬಾಳೆ, ಮೇಲೊಂದು ಲವಂಗ. ಇನ್ನೊಂದು, ಅಮ್ಮ ಸಾರನ್ನ ಅಂಗೈಗೆ ಹಾಕಿ ನೆಕ್ಕಿ ನೋಡಿದಾಗ ಎಂಟು ಮಾರ್ಕ್ಸ್ ಅನ್ನಲ್ಲ, ಹುಳಿ ಮುಂದಾಯ್ತು, ಇನ್ನೊಂದು ಕುದಿ ಬೇಕು ಅಂತಾರೆ. ಹದ ಹೇಳ್ತಾರೆ. ಬಿಯರಿಗೂ ನಂಗೆ ಅದೇ ಬೇಕಾಗಿರೋದು.

ಬೆಂಗಳೂರಿನ ಹುಡುಗರು ಇದನ್ನ ಇನ್ನೂ ಚೆನ್ನಾಗಿ ಮಾಡಬಹುದು. 2010ರಲ್ಲಿ ಇಂದಿರಾನಗರದಲ್ಲಿ ಟಾಯ್ಟ್ ಶುರುವಾದಾಗಿಂದ ಎಷ್ಟು ಬ್ರೂಪಬ್ ಬಂದಿವೆ, ಬಹಳಷ್ಟು ಕಡೆ ಮೆನುವಲ್ಲಿ ಒಂದು ಬೆಲ್ಜಿಯನ್ ವಿಟ್ ಇದ್ದೇ ಇರುತ್ತೆ. 2015ರಲ್ಲಿ ಬೀರಾ ವೈಟ್ ಬಂದಾಗ ಮೊದಮೊದಲು ಅದನ್ನ ಇಲ್ಲೇ ಬೆಲ್ಜಿಯಮ್‌ನಲ್ಲಿ ಮಾಡಿಸಿ ಅಲ್ಲಿಗೆ ತರಿಸ್ತಿದ್ರು. ಆದ್ರೆ ಹೋದ ಸಲ ರಜಕ್ಕೆ ಹೋದಾಗ ಒಂದು ಪಬ್ಬಲ್ಲಿ ವಿಟ್ ತಗೊಂಡ್ರೆ ಹಲ್ಲು ಜುಂ ಅನ್ನೋಷ್ಟು ತಣ್ಣಗೆ, ನೊರೆನೇ ಇಲ್ಲ, ಯಾಕಪ್ಪಾ ಅಂದ್ರೆ ನೊರೆ ಬಂದ್ರೆ ಗಿರಾಕಿಗಳು ಬಿಯರ್ ಕಮ್ಮಿ ಹಾಕಿದೀರ ಅಂತ ಜಗಳ ಆಡ್ತಾರಂತೆ ಸಾರ್. ಅಲ್ರೀ, ಕಾಫಿಗೆ ನೊರೆ ಬರ್ಲಿ ಅಂತ ಮೊಳದುದ್ದ ಎತ್ತಿ ಹೊಯ್ಯೋ ಜನ ನಾವು!

ದೋಸ್ತ್ ಹೋಗೋ ಮುಂಚೆ ಇದನ್ನೆಲ್ಲಾ ಅವನಿಗೆ ಹೇಳಿದೆ, ಇದೇ ಉದ್ದಕ್ಕೆ. ಅವನು ಕೇಳಿಸ್ಕೊಂಡು, "ಎಲ್ಲಾ ಸರಿ ಕಣೋ, ನಾನು ಅಂಗಡಿಲಿ ನಾನೂರು ಬಾಟಲಿ ಮುಂದೆ ನಿಂತಾಗ ನಿನ್ನ ಕೊಟ್ಟಿಗೆ ಹದ ಇಟ್ಕೊಂಡು ಏನ್ ಮಾಡ್ಲಿ, ನಂಗೆ ನಂಬರ್ ಬೇಕು" ಅಂದ. ಅದಕ್ಕೆ ನನ್ನ ಹತ್ರ ಸರಿಯಾದ ಉತ್ತರ ಇಲ್ಲ, ಬಾಸ್ಟನ್‌ನಲ್ಲಿ ನಾನೂ ನಂಬರ್ ನೋಡೇ ಕಲಿತಿದ್ದು. ಶೀಟಲ್ಲಿ 11 ಸಾಲು ತುಂಬಿತ್ತು, ಮಿಕ್ಕ 13 ಖಾಲಿ. ಅವನು ಅದನ್ನ ಫ್ರಿಜ್ ಮೇಲೆ ಮ್ಯಾಗ್ನೆಟ್ ಹಾಕಿ ಬಿಟ್ಟು ಹೋಗಿದಾನೆ. ಓರ್ವಾಲ್ ಬಾಟಲಿ ಮೇಲೆ ತುಂಬಿದ ತಾರೀಖು ಬರೆದಿರುತ್ತೆ, ಹೊಸತಾಗಿದ್ದಾಗ ಹಾಪ್ಸ್ ಅನ್ನೋ ಹೂವಿನ ಕಹಿ ಮುಂದೆ, ವರ್ಷ ಕಳೆದಂಗೆ ಕೊಟ್ಟಿಗೆ ಜಾಸ್ತಿ ಆಗುತ್ತೆ, ಹಾಗಾಗಿ ಅವನು 31 ಕೊಟ್ಟ ಅದೇ ತಾರೀಖಿನ ಎರಡು ಬಾಟಲಿ ನೆಲಮಾಳಿಗೆಲಿ ಇಟ್ಟಿದೀನಿ. ಮುಂದಿನ ಅಕ್ಟೋಬರ್‌ಗೆ ಬರ್ತಾನಂತೆ, ಅಮ್ಮನ್ನೂ ಕರ್ಕೊಂಡು ಬಾ ಅಂದಿದೀನಿ.